ಮನೆಯ ಕಾಣದ ಬಾಗಿಲುಗಳು



ರಾತ್ರಿ ಮಲಗುವ ಮುನ್ನ ಮುಂಬಾಗಿಲಿನ ಚಿಲಕವನ್ನು ಒಮ್ಮೆ ಮುಟ್ಟಿ ನೋಡದ ಗೃಹಿಣಿ ವಿರಳ. ಹಿತ್ತಿಲ ಬಾಗಿಲನ್ನೂ ನಾವು ಮರೆಯುವುದಿಲ್ಲ. ಆದರೆ ಇಂಟರ್‌ನೆಟ್ ಬಂದ ಮೇಲೆ ನಮ್ಮ ಮನೆಗಳಿಗೆ ಕಣ್ಣಿಗೆ ಕಾಣದ ಬೇರೆ ಬಾಗಿಲುಗಳೂ ಹುಟ್ಟಿಕೊಂಡಿವೆ. ಕಂಪ್ಯೂಟರ್ ಭಾಷೆಯಲ್ಲಿ ಅವುಗಳ ಹೆಸರು 'ಪೋರ್ಟ್'. ಅವುಗಳ ಚಿಲಕ ನೋಡುವವರು ಯಾರು?

ಪೋರ್ಟ್ ಎಂದೊಡನೆ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿ ನೆನಪಾಗಬಹುದು. ನಾನು ಹೇಳುತ್ತಿರುವುದು ಅದಲ್ಲ. ಇಂಟರ್‌ನೆಟ್‌ನಲ್ಲಿ ಪ್ರತಿಯೊಂದು ಸಂಪರ್ಕಕ್ಕೂ ಐಪಿ ಅಡ್ರೆಸ್ ಎಂಬ ವಿಳಾಸವಿರುತ್ತದೆ. ವಿಳಾಸವು ಮನೆಯನ್ನು ತೋರಿಸಿದರೆ, ಯಾವ ಬಾಗಿಲನ್ನು ತಟ್ಟಬೇಕೆಂದು ಹೇಳುವುದು ಪೋರ್ಟ್ ಸಂಖ್ಯೆ. ಈ ಸಂಖ್ಯೆಗಳು 0ಯಿಂದ 65535ರ ವರೆಗೆ ಇವೆ. ಸಾಮಾನ್ಯ ವೆಬ್ ಪುಟಗಳಿಗೆ 80, ಬ್ಯಾಂಕಿನಂತಹ ಸುರಕ್ಷಿತ ಪುಟಗಳಿಗೆ 443, ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಇಮೇಲ್ ಸಾಗಿಸಲು 25. ಹೀಗೆ ಪ್ರತಿಯೊಂದು ಕೆಲಸಕ್ಕೂ ಒಂದು ಬಾಗಿಲು ಗೊತ್ತಾಗಿರುವುದರಿಂದಲೇ ಒಂದೇ ಯಂತ್ರದಲ್ಲಿ ಹತ್ತಾರು ಕೆಲಸಗಳು ಗೋಜಲಾಗದೆ ನಡೆಯುತ್ತವೆ.

ಆದ್ದರಿಂದ ಪೋರ್ಟ್ ತೆರೆದಿರುವುದೇ ತಪ್ಪಲ್ಲ. ಅಂಗಡಿಯ ಬಾಗಿಲು ತೆರೆದಿರಲೇಬೇಕು. ಮನೆಯವರಿಗೆ ಗೊತ್ತಿಲ್ಲದೆ ತೆರೆದಿರುವ, ಬೀಗ ದುರ್ಬಲವಾಗಿರುವ ಬಾಗಿಲೇ ಅಪಾಯಕಾರಿ.

ಇದಕ್ಕೆ ಎರಡು ಉದಾಹರಣೆಗಳನ್ನು ನೋಡೋಣ. 2017ರ ಮೇ 12ರಂದು 'ವನ್ನಾಕ್ರೈ' ಎಂಬ ಹಾನಿಕಾರಕ ತಂತ್ರಾಂಶ ಜಗತ್ತಿನಾದ್ಯಂತ ಹರಡಿತು. ಕಂಪ್ಯೂಟರ್‌ಗಳು ಪರಸ್ಪರ ಕಡತ ಹಂಚಿಕೊಳ್ಳುವ 445ನೇ ಪೋರ್ಟ್ ಮೂಲಕ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ನುಗ್ಗಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ, ದುರಸ್ತಿ ನೀಡಿತ್ತು. ಅದನ್ನು ಹಾಕಿಕೊಳ್ಳದವರು ಬೆಲೆ ತೆತ್ತರು.

ಅದಕ್ಕೆ ಹಿಂದಿನ ವರ್ಷದ 'ಮಿರಾಯ್' ಇನ್ನೂ ಹತ್ತಿರದ್ದು. ಅದು ಹುಡುಕಿದ್ದು ಮನೆಗಳ ರೌಟರ್‌ಗಳನ್ನು ಮತ್ತು ಸಿಸಿಟಿವಿ ಕ್ಯಾಮರಾಗಳನ್ನು. 23 ಮತ್ತು 2323ನೇ ಪೋರ್ಟ್‌ಗಳನ್ನು ತಟ್ಟಿ, ತಯಾರಕರು ಇಟ್ಟುಕೊಟ್ಟಿದ್ದ ಅರುವತ್ತರಷ್ಟು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯೋಗಿಸುವುದೇ ಅದರ ತಂತ್ರ. ಬೀಗದೊಂದಿಗೆ ಬಂದ ಕೀಲಿಕೈಯನ್ನು ಬಾಗಿಲಲ್ಲೇ ಬಿಟ್ಟ ಹಾಗೆ! ಹೀಗೆ ವಶಪಡಿಸಿಕೊಂಡ ಯಂತ್ರಗಳ ದಂಡಿನಿಂದ 2016ರ ಅಕ್ಟೋಬರ್ 21ರಂದು ದಾಳಿ ನಡೆದಾಗ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳೇ ಗಂಟೆಗಟ್ಟಲೆ ಸಿಗದಾದವು.

ಇದರಿಂದ ನಮಗೇನು ಎಂದು ಕೇಳಬೇಡಿ. ಯಜಮಾನರು ಗಲ್ಫ್‌ನಲ್ಲಿದ್ದು, ಹೆಂಗಸರು ಮಕ್ಕಳು ಮಾತ್ರ ಊರಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಅವರು ಅಲ್ಲಿಂದಲೇ ಮೊಬೈಲ್‌ನಲ್ಲಿ ಮನೆ ನೋಡಲೆಂದು ಕ್ಯಾಮರಾ ಹಾಕಿಸುತ್ತಾರೆ. ಉದ್ದೇಶ ಒಳ್ಳೆಯದೇ. ಸಾಮಾನ್ಯವಾಗಿ ಮನೆಯ ರೌಟರ್ ಕಾವಲುಗಾರನಂತೆ, ಕರೆಯದೆ ಬಂದವರನ್ನು ಒಳಗೆ ಬಿಡುವುದಿಲ್ಲ. ಆದರೆ ಕ್ಯಾಮರಾವನ್ನು ಹೊರಗಿನಿಂದ ನೋಡಲೆಂದು ಕೆಲವೊಮ್ಮೆ ರೌಟರ್‌ನಲ್ಲಿ ಒಂದು ಪೋರ್ಟ್ ತೆರೆದಿಡುತ್ತಾರೆ. ಯುಪಿಎನ್‌ಪಿ ಎಂಬ ಸೌಲಭ್ಯ ಚಾಲೂ ಇದ್ದರೆ ಯಂತ್ರವೇ ಯಾರನ್ನೂ ಕೇಳದೆ ಬಾಗಿಲು ತೆರೆಸಿಕೊಳ್ಳಬಲ್ಲದು. ಪಾಸ್‌ವರ್ಡ್ 'ಅಡ್ಮಿನ್' ಎಂದೇ ಉಳಿದಿದ್ದರೆ, ಯಜಮಾನರಿಗೆ ಕಾಣುವ ನಡುಕೋಣೆ ಅಪರಿಚಿತನಿಗೂ ಕಾಣಬಹುದು. ಹೀಗೆ ತೆರೆದಿರುವ ಯಂತ್ರಗಳನ್ನು ಹುಡುಕಿಕೊಡುವ 'ಶೋಡನ್' ಎಂಬ ಶೋಧತಾಣವೇ 2009ರಿಂದ ಇದೆ.

ಇತರರ ಮನೆಯನ್ನು ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನ್‌ನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಮೂರು ಬಾರಿ ಕೇಳಿಯೂ ಅನುಮತಿ ಸಿಗದಿದ್ದರೆ ಮರಳಿ ಹೋಗಬೇಕೆಂದು ಪ್ರವಾದಿ(ಸ) ತಿಳಿಸಿದರು. ಫಜ್ರ್‌ಗೆ ಮುಂಚೆ, ನಡುಹಗಲಿನ ವಿಶ್ರಾಂತಿಯಲ್ಲಿ, ಇಶಾದ ಬಳಿಕ ಮನೆಯ ಮಕ್ಕಳು ಕೂಡ ಅನುಮತಿ ಕೇಳಿಯೇ ಬರಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಆ ಮೂರು ವೇಳೆಗಳಲ್ಲೂ ಕ್ಯಾಮರಾ ಅನುಮತಿ ಕೇಳುವುದಿಲ್ಲ. ಅದರ ಪರವಾಗಿ ಎಚ್ಚರ ವಹಿಸಬೇಕಾದವರು ನಾವೇ.

ಆದ್ದರಿಂದ ಈ ವಾರವೇ ಕೆಲವು ಕೆಲಸ ಮಾಡಿ. ಕ್ಯಾಮರಾ ಮತ್ತು ರೌಟರ್ ಎರಡರ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿ. ಅವು ಬೇರೆ ಬೇರೆಯಾಗಿರಲಿ, ಉದ್ದವಾಗಿರಲಿ. ಕ್ಯಾಮರಾ ಅಳವಡಿಸಿದವರನ್ನು ಕರೆದು, "ರೌಟರ್‌ನಲ್ಲಿ ಪೋರ್ಟ್ ತೆರೆದಿದ್ದೀರಾ? ಯುಪಿಎನ್‌ಪಿ ಚಾಲೂ ಇದೆಯೇ?" ಎಂದು ಸಂಕೋಚವಿಲ್ಲದೆ ಕೇಳಿ, ಅಗತ್ಯವಿಲ್ಲದಿದ್ದರೆ ಮುಚ್ಚಿಸಿ. ಕಂಪೆನಿಯ ಸರ್ವರ್ ಮೂಲಕ ಆ್ಯಪ್‌ನಲ್ಲಿ ನೋಡುವ ಕ್ಯಾಮರಾಗಳಿಗೆ ಸಾಮಾನ್ಯವಾಗಿ ಪೋರ್ಟ್ ತೆರೆಯಬೇಕಾಗಿಲ್ಲ. ಅಲ್ಲಿ ಖಾತೆಯ ಪಾಸ್‌ವರ್ಡ್ ಗಟ್ಟಿಯಾಗಿರಬೇಕು, ಒಟಿಪಿ ಕೇಳುವ ಎರಡನೇ ಬೀಗವಿದ್ದರೆ ಅದನ್ನೂ ಹಾಕಬೇಕು. ಕಂಪ್ಯೂಟರ್‌ನ ಫೈರ್‌ವಾಲ್ ಆರಿಸಬೇಡಿ, ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಮಾತು. ಕ್ಯಾಮರಾ ಗೇಟನ್ನು ನೋಡಲಿ, ಅಂಗಳವನ್ನು ನೋಡಲಿ. ಮಲಗುವ ಕೋಣೆಯನ್ನೂ, ಹೆಂಗಸರು ನಿರಾಳವಾಗಿ ಕುಳಿತುಕೊಳ್ಳುವ ಜಾಗವನ್ನೂ ಅದು ನೋಡುವುದು ಬೇಡ. ಇಲ್ಲದ ದೃಶ್ಯವನ್ನು ಯಾರೂ ಕದಿಯಲಾರರು. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂದು ಕಲಿತವರು ನಾವು. ಈ ಬಾಗಿಲುಗಳನ್ನೂ ಮುಚ್ಚಿ, ಬಿಸ್ಮಿಲ್ಲಾಹ್ ಹೇಳಿ ನೆಮ್ಮದಿಯಿಂದ ಮಲಗೋಣ.