ಹಗ್ಗದ ಇನ್ನೊಂದು ತುದಿ

ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ತಿರುಗಾಡಲು ಬರುವವರಿಗೆಲ್ಲ ನಾನು ಪರಿಚಿತ. ಮೂವತ್ತಮೂರು ವರ್ಷ ಹೈಸ್ಕೂಲು ಮಾಸ್ತರನಾಗಿ ದುಡಿದರೂ ದಕ್ಕದಿದ್ದ ಕೀರ್ತಿಯನ್ನು ಒಂದು ನಾಯಿ ನನಗೆ ದೊರಕಿಸಿಕೊಟ್ಟಿತು. ನಾನು ದೂರದಲ್ಲಿ ಕಂಡೊಡನೆ ತಾಯಂದಿರು ಮಕ್ಕಳನ್ನು ಸೆರಗಿಗೆ ಎಳೆದುಕೊಳ್ಳುತ್ತಿದ್ದರು. ನಿವೃತ್ತರ ಗುಂಪು ರಾಜಕೀಯದ ಮಾತು ನಿಲ್ಲಿಸಿ, ಇಂದಿನ ಆಟ ಶುರುವಾಗುವುದನ್ನು ಕಾಯುತ್ತಿತ್ತು.

ಆಟ ಹೀಗೆ. ಕೆಂಚ ಸಭ್ಯ ಗೃಹಸ್ಥನ ಹಾಗೆ ನನ್ನ ಪಕ್ಕದಲ್ಲಿ ನಡೆದು ಬರುತ್ತಿರುತ್ತಾನೆ. ಎದುರಿಗೆ ಇನ್ನೊಂದು ನಾಯಿ ಕಂಡಿತೋ, ಒಮ್ಮೆಲೇ ಹಗ್ಗದ ಕೊನೆಯವರೆಗೆ ಜಿಗಿದು, ಕೆರೆಯ ಆಚೆ ದಂಡೆಗೂ ಕೇಳುವಂತೆ ಬೊಗಳುತ್ತಾನೆ. ನಾನು ಹಿಂದಕ್ಕೆ ಜಗ್ಗಿದೆನೋ, ತಿರುಗಿ ಹಗ್ಗವನ್ನೇ ಕಚ್ಚಿ ಹಿಡಿದು ಜಾಡಿಸುತ್ತಾನೆ. ಹಗ್ಗದಿಂದ ಸಮಾಧಾನವಾಗದಿದ್ದರೆ ನನ್ನ ಪ್ಯಾಂಟು, ಪ್ಯಾಂಟಿನಿಂದಲೂ ಆಗದಿದ್ದರೆ ಅಂಗಿಯ ತೋಳು. ಎರಡು ನಿಮಿಷ, ಅಷ್ಟೇ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಹುಲ್ಲು ಮೂಸುತ್ತ ನಿಲ್ಲುತ್ತಾನೆ. ಹರಿದ ತೋಳಿನ ನಾನು ಸುತ್ತಲೂ ನೋಡುತ್ತೇನೆ. ಆಗ ಗುಂಪಿನಿಂದ ತಪ್ಪದೆ ಒಂದು ದನಿ ಬರುತ್ತದೆ: "ಸರ, ಹಿಂಗ ಮುದ್ದು ಮಾಡಿದ್ರ ತಲಿಮ್ಯಾಲ ಕುಂದ್ರತೈತಿ. ನಾಲ್ಕು ಕೊಡ್ರಿ, ನೆಟ್ಟಗಾಕ್ಕೈತಿ."

ಈ 'ನಾಲ್ಕು ಕೊಡ್ರಿ' ಎಂಬ ಶಾಸ್ತ್ರದ ವಿರುದ್ಧ ನನ್ನ ತಕರಾರಿದೆ. ತಕರಾರು ತೆಗೆಯುವ ಮೊದಲು ತಪ್ಪೊಪ್ಪಿಗೆಯೂ ಇದೆ: ನಾನೂ ಆ ಶಾಸ್ತ್ರವನ್ನು ಓದಿ ಪಾಸಾದವನೇ.

ಕೆಂಚ ನಮ್ಮ ಮನೆಗೆ ಬಂದದ್ದು 2024ರ ಜುಲೈನಲ್ಲಿ. ಮಾಳಮಡ್ಡಿಯ ನಮ್ಮ ಓಣಿಯ ಗಟಾರದ ಪಕ್ಕದಲ್ಲಿ, ಹಿಂಗಾಲು ಮುರಿದುಕೊಂಡು, ಮಳೆಯಲ್ಲಿ ನಡುಗುತ್ತ ಬಿದ್ದಿದ್ದ. ವರ್ಷದ ಪ್ರಾಯವಿದ್ದೀತು. ಮೊಮ್ಮಗಳು, "ಅಜ್ಜಾ, ಕಾಲು ನೆಟ್ಟಗಾಗೋತನಾ ಅಷ್ಟ" ಎಂದಳು. ಕಾಲು ನೆಟ್ಟಗಾಯಿತು, ಲಸಿಕೆಯಾಯಿತು, ಸಂತಾನಹರಣದ ಶಸ್ತ್ರಚಿಕಿತ್ಸೆಯೂ ಆಯಿತು. ಅಷ್ಟರಲ್ಲಿ ಅವನು ಮನೆಯವನಾಗಿದ್ದ. ಸೆಪ್ಟೆಂಬರಿನಲ್ಲಿ ಕೊರಳಿಗೆ ಪಟ್ಟಿ ಹಾಕಿ ಬೀದಿಗೆ ಕರೆದುಕೊಂಡು ಹೊರಟೆ. ಮನೆಯೊಳಗೆ ಹಸುವಿನಂತಿದ್ದವನು ಹಗ್ಗ ಕಟ್ಟಿದ ಕೂಡಲೇ ಹೀಗೇಕಾದ ಎಂಬುದು ನನಗೆ ತಿಳಿಯಲಿಲ್ಲ.

ತಿಳಿಯದ್ದಕ್ಕೆಲ್ಲ ನನ್ನ ಕಾಲದ ಮಾಸ್ತರರಲ್ಲಿ ಒಂದೇ ಔಷಧವಿತ್ತು: ದಂಡಂ ದಶಗುಣಂ. ನನ್ನ ಟೇಬಲ್ಲಿನ ಮೇಲೂ ಬೆತ್ತವಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಬಂದು ಮಕ್ಕಳನ್ನು ಹೊಡೆಯುವುದು ನಿಷಿದ್ಧವೆಂದಾಗ, ಬೆತ್ತವಿಲ್ಲದೆ ವಿದ್ಯೆ ಹತ್ತೀತೇ ಎಂದು ಸ್ಟಾಫ್ ರೂಮಿನಲ್ಲಿ ವಾದ ಮಾಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ಅಕ್ಟೋಬರಿನ ಒಂದು ಬೆಳಿಗ್ಗೆ, ಹತ್ತು ಜನರೆದುರು ಕೆಂಚ ನನ್ನ ಅಂಗಿ ಹರಿದಾಗ, ಕೈಯಲ್ಲಿದ್ದ ಛತ್ರಿಯಿಂದ ಬಾರಿಸಿದೆ. ಒಂದಲ್ಲ, ನಾಲ್ಕು. ನಿಜ ಹೇಳುತ್ತೇನೆ, ಹೊಡೆದದ್ದು ನಾಯಿಗೆ ಬುದ್ಧಿ ಬರಲೆಂದಲ್ಲ. ಆ ಹತ್ತು ಜನರೆದುರು ನನ್ನ ಮಾನ ಉಳಿಯಲೆಂದು.

ಮದ್ದು ತಾಕಿತು. ಕೆಂಚ ಬೊಗಳುವುದನ್ನು ಬಿಟ್ಟ. ಇನ್ನೊಂದು ನಾಯಿ ಕಂಡರೆ ಕಿವಿ ಹಿಂದಕ್ಕೆ ಮಡಚಿ, ಮೈ ಬಿಗಿ ಮಾಡಿ, ನಾಲಗೆಯಿಂದ ಮೂತಿ ಸವರಿಕೊಳ್ಳುತ್ತ ಸುಮ್ಮನೆ ನಿಲ್ಲುತ್ತಿದ್ದ. ನಿವೃತ್ತರ ಗುಂಪು ಶಹಭಾಸ್ ಎಂದಿತು. ನಾನೂ ಬೀಗಿದೆ. ಮೂರು ವಾರದ ನಂತರ ಒಂದು ದಿನ, ಎದುರಿನಿಂದ ನಾಯಿಯೊಂದು ಹಾದುಹೋಗುವಾಗ, ಗುರ್ರೆನ್ನದೆ, ಹಲ್ಲು ತೋರಿಸದೆ, ಕೆಂಚ ತಿರುಗಿ ನನ್ನ ಮುಂಗೈಯನ್ನು ಕಚ್ಚಿದ. ಅಂಗಿಯನ್ನಲ್ಲ, ಮಾಂಸವನ್ನು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದೆ, ದವಾಖಾನೆಗೆ ಓಡಿ ಸೂಜಿ ಹಾಕಿಸಿಕೊಂಡೆ. ಮನೆಯಲ್ಲಿ ಮೂಲೆ ಸೇರಿ ನನ್ನನ್ನೇ ನೋಡುತ್ತ ಕುಳಿತಿದ್ದ ಅವನ ಕಣ್ಣಲ್ಲಿ ಕಂಡದ್ದು ಸೊಕ್ಕಲ್ಲ, ಹೆದರಿಕೆ.

'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ. ಗಾದೆ ಪೂರ್ತಿ ನಿಜವಲ್ಲ, ಬೊಗಳುವ ನಾಯಿಯೂ ಕಚ್ಚೀತು. ಆದರೆ ಅದರಲ್ಲಿ ಒಂದು ತಿಳಿವಳಿಕೆ ಇದೆ. ಬೊಗಳುವುದು, ಗುರ್ರೆನ್ನುವುದು ನಾಯಿ ನಮಗೆ ಕೊಡುವ ಮುನ್ಸೂಚನೆ. ಅದನ್ನು ಹೊಡೆದು ಅಡಗಿಸಿದಾಗ ಒಳಗಿನ ಕುದಿ ಅಡಗುವುದಿಲ್ಲ, ಸೂಚನೆ ಮಾತ್ರ ಅಡಗುತ್ತದೆ. ಉಳಿಯುವುದು ಕಚ್ಚುವುದೊಂದೇ. ನನ್ನ ಛತ್ರಿ ಮಾಡಿದ ಕೆಲಸ ಅದು.

ಕುದಿ ಯಾವುದು? ಸ್ವಲ್ಪ ಯೋಚಿಸಿ ನೋಡಿ. ಬೀದಿಯಲ್ಲಿ ಹುಟ್ಟಿದ ನಾಯಿ ತನ್ನ ದಿನದ ಯಜಮಾನ ತಾನೇ. ಯಾರ ಹತ್ತಿರ ಹೋಗಬೇಕು, ಯಾರಿಂದ ದೂರ ಸರಿಯಬೇಕು, ಯಾವ ಕಂಬವನ್ನು ಎಷ್ಟು ಹೊತ್ತು ಮೂಸಬೇಕು, ಎಲ್ಲವೂ ಅದರ ತೀರ್ಮಾನ. ಇನ್ನೊಂದು ನಾಯಿ ಬಂದರೆ ಬಳಸಿ ಹೋಗಿ, ಓರೆಯಾಗಿ ನಿಂತು, ಮೂಸಿ ಮಾತುಕತೆ ಮುಗಿಸುತ್ತದೆ, ಬೇಡವಾದರೆ ಓಡಿಹೋಗುತ್ತದೆ. ನಾವು ಅದಕ್ಕೆ ಅನ್ನ, ಹಾಸಿಗೆ, ಹೆಸರು ಕೊಡುತ್ತೇವೆ. ಈ ಎರಡು ದಾರಿಗಳನ್ನು ಮಾತ್ರ ಕಿತ್ತುಕೊಳ್ಳುತ್ತೇವೆ. ಹತ್ತಿರ ಹೋಗುವಂತಿಲ್ಲ, ದೂರ ಓಡುವಂತಿಲ್ಲ. ನಾಲ್ಕು ಅಡಿ ಹಗ್ಗದ ತುದಿಯಲ್ಲಿ ಎದುರಾಬದುರಾಗಿ ನಿಲ್ಲಬೇಕು. ಧರ್ಮರಾಯನ ಹಿಂದೆ ಹಿಮಾಲಯದವರೆಗೆ ನಡೆದ ನಾಯಿಯ ನಿಷ್ಠೆಯನ್ನು ಹೊಗಳುತ್ತೇವಲ್ಲ, ಅದರ ಕೊರಳಲ್ಲಿ ಹಗ್ಗವಿತ್ತೆಂದು ಯಾರೂ ಹೇಳಿಲ್ಲ.

ಇನ್ನು ಮನುಷ್ಯರ ವಿಷಯ. ರೈಲ್ವೆ ಗೇಟು ಬಿದ್ದಾಗ ಎರಡೂ ಕಡೆ ನಿಂತ ವಾಹನಗಳನ್ನು ನೋಡಿ. ಹಾರ್ನು ಬಾರಿಸಿದರೆ ಗೇಟು ಏಳುವುದಿಲ್ಲವೆಂದು ಗೊತ್ತಿದ್ದೂ ಬಾರಿಸುತ್ತೇವೆ. ಮುಂದಿನವನನ್ನು ಬೈಯುತ್ತೇವೆ, ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತೇವೆ. ಬೇಕಾದ್ದು ಕಣ್ಣೆದುರೇ ಇದ್ದು ಕೈಗೆಟುಕದಾಗ ಹುಟ್ಟುವ ಹತಾಶೆ, ಹತ್ತಿರ ಸಿಕ್ಕವರ ಮೇಲೆ ತೀರಿಕೊಳ್ಳುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 1939ರಲ್ಲಿ ಹತಾಶೆಗೂ ಆಕ್ರಮಣಕ್ಕೂ ಇರುವ ನಂಟಿನ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮನುಷ್ಯನಾದರೆ ಟೆನ್ಷನ್ ಎನ್ನುತ್ತೇವೆ. ನಾಯಿಯಾದರೆ ಸೊಕ್ಕು ಎನ್ನುತ್ತೇವೆ.

ಸೊಕ್ಕಿನ ಸಿದ್ಧಾಂತಕ್ಕೆ ಈಗೀಗ ಇಂಗ್ಲಿಷು ಕೋಟೂ ಬಂದಿದೆ. ನಾಯಿ ತೋಳದ ವಂಶದ್ದು, ಹಿಂಡಿಗೊಬ್ಬ ನಾಯಕ ಬೇಕು, ನೀವು ನಾಯಕರಾಗದಿದ್ದರೆ ಅದು ನಾಯಕನಾಗುತ್ತದೆ, ಆದ್ದರಿಂದ ನೆಲಕ್ಕೆ ಒತ್ತಿ ಹಿಡಿಯಿರಿ ಎಂದು ಒಬ್ಬ ತರಬೇತಿದಾರ ನನಗೂ ಉಪದೇಶಿಸಿದ. ಜಗ್ಗಿದರೆ ಕೊರಳು ಬಿಗಿಯುವ ಚೈನು ಮಾರಲೂ ನೋಡಿದ. ಈ ಕತೆಯ ಮೂಲ, ರುಡಾಲ್ಫ್ ಶೆಂಕೆಲ್ ಎಂಬವರು ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದು. ಕೂಡಿಹಾಕಿದ ತೋಳಗಳು ಅವು. ತೋಳಗಳ ಬಗ್ಗೆ 1970ರಲ್ಲಿ ಗ್ರಂಥ ಬರೆದು ಆ ವಿಚಾರಕ್ಕೆ ಪ್ರಚಾರ ಕೊಟ್ಟ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ಹಿಂಡು ಎಂದರೆ ತಂದೆ, ತಾಯಿ, ಮಕ್ಕಳಿರುವ ಒಂದು ಸಂಸಾರ. ಪಂಡಿತ ತಾನೇ ತಿದ್ದಿಕೊಂಡ. ಚೈನು ಮಾರುವವ ತಿದ್ದಿಕೊಳ್ಳಲಿಲ್ಲ.

2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಒಂದು ಸಮೀಕ್ಷೆ ಪ್ರಕಟಿಸಿದರು. ನಡವಳಿಕೆಯ ತೊಂದರೆಗೆಂದು ತಮ್ಮಲ್ಲಿಗೆ ನಾಯಿ ತಂದವರನ್ನು, ಮನೆಯಲ್ಲಿ ಏನೇನು ಮಾಡಿ ನೋಡಿದಿರಿ ಎಂದು ಕೇಳಿದ್ದರು. ಹೊಡೆದು ಒದ್ದು ನೋಡಿದವರಲ್ಲಿ ನೂರಕ್ಕೆ 43 ಜನರ ನಾಯಿಗಳು ಅದಕ್ಕೆ ಉತ್ತರವಾಗಿ ಆಕ್ರಮಣವನ್ನೇ ತೋರಿಸಿದ್ದವು. ಇದನ್ನು ಮೊದಲೇ ಓದಿದ್ದರೆ ನನ್ನ ಮುಂಗೈ ಉಳಿಯುತ್ತಿತ್ತು.

ಇಲ್ಲಿಯವರೆಗೆ ಓದಿ ತಲೆದೂಗುತ್ತಿರುವ ಶ್ವಾನಪ್ರೇಮಿಗಳಿಗೂ ಒಂದು ಮಾತಿದೆ. "ಪ್ರೀತಿ ಕೊಟ್ರ ಸಾಕ್ರೀ, ಎಲ್ಲಾ ಸರಿ ಹೋಗ್ತದ" ಎನ್ನುವವರು, "ಬರ್ರಿ ಬರ್ರಿ, ಏನೂ ಮಾಡೂದಿಲ್ಲ" ಎನ್ನುತ್ತ ತಮ್ಮ ನಾಯಿಯನ್ನು ಬಿಚ್ಚಿಬಿಡುವವರು, ನನ್ನ ಪಾಲಿಗೆ ಛತ್ರಿಯವರಷ್ಟೇ ಅಪಾಯಕಾರಿಗಳು. ಹಗ್ಗದಲ್ಲಿರುವ ಕೆಂಚನ ಮೇಲೆ ಹಗ್ಗವಿಲ್ಲದ ನಾಯಿ ಬಂದರೆ ಅವನು ಏನು ಮಾಡಬೇಕು? ದಂಡೆಯ ಮೇಲೆ ಆರು ವರ್ಷದ ಮಗು ಇರುತ್ತದೆ. ಅದಕ್ಕೆ ನನ್ನ ನಾಯಿಯ ಮನಶ್ಶಾಸ್ತ್ರ ಬೇಕಿಲ್ಲ, ಭಯವಿಲ್ಲದೆ ನಡೆಯಲು ಜಾಗ ಬೇಕು. ರೇಬಿಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪವಾದ ಈ ದೇಶದಲ್ಲಿ ಜನ ನಾಯಿಗೆ ಹೆದರುವುದು ಮೂಢನಂಬಿಕೆಯಲ್ಲ.

ಕಾನೂನೂ ಎರಡೂ ಕಡೆಯವರಿಗೆ ಮಾತು ಹೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ಹೊಡೆಯುವುದೂ ಅಪರಾಧ, ತೀರ ಗಿಡ್ಡ ಹಗ್ಗದಲ್ಲಿ ವಿನಾಕಾರಣ ಬಹಳ ಹೊತ್ತು ಕಟ್ಟಿಹಾಕುವುದೂ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟು ಮಿರ್ಚಿ ಭಜಿಯ ಬೆಲೆ. ಇತ್ತ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಹೇಳುತ್ತದೆ. ಮೊದಲನೆಯ ದಂಡ ನಗೆಪಾಟಲು. ಎರಡನೆಯದು ಸರಿಯಾಗಿಯೇ ಇದೆ.

ಹಾಗಾದರೆ ಮಾಡುವುದೇನು? ನಾನು ಮಾಡಿದ್ದನ್ನು ಹೇಳುತ್ತೇನೆ. ಮೊದಲು ಪಶುವೈದ್ಯರಲ್ಲಿಗೆ ಹೋದೆ, ಏಕೆಂದರೆ ಹಳೆಯ ನೋವಿದ್ದ ನಾಯಿ ಬೇಗ ಸಿಡಿಯುತ್ತದೆ. ಮುರಿದಿದ್ದ ಕಾಲಿನಲ್ಲಿ ಇನ್ನೂ ನೋವಿತ್ತು, ಔಷಧ ಸಿಕ್ಕಿತು. ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ ತಂದೆ. ಹಗ್ಗ ಸ್ವಲ್ಪ ಉದ್ದ ಮಾಡಿದೆ. ಅವನು ಕಚ್ಚುವ ಕಡೆಗೆ ಮೊಳದುದ್ದ ಸರಪಳಿ ಸೇರಿಸಿದೆ, ಕಬ್ಬಿಣ ಕಚ್ಚುವುದರಲ್ಲಿ ಅವನಿಗೆ ರುಚಿ ಕಾಣಲಿಲ್ಲ. ಬಾಯಿಗೆ ಹಾಕುವ ಜಾಳಿಗೆಯನ್ನು ಮನೆಯಲ್ಲಿಯೇ ತಿನಿಸು ಕೊಟ್ಟು ರೂಢಿ ಮಾಡಿಸಿದೆ. ಕಿಕ್ಕಿರಿದ ಕಡೆ ಹೋಗಲೇಬೇಕಾದಾಗ ಅದು ಇರುತ್ತದೆ. ಕೆರೆ ದಂಡೆ ಬಿಟ್ಟು, ನಸುಕಿನಲ್ಲಿ ಯಾರೂ ಇಲ್ಲದ ಹಿಂದಿನ ಓಣಿಗಳಲ್ಲಿ ಅವನು ಮೂಸಿದಷ್ಟು ಹೊತ್ತು ನಿಂತೆ.

ಮುಖ್ಯವಾದದ್ದು ದೂರ. ಐದು ಮಾರಿನಲ್ಲಿ ಸಿಡಿಯುವ ನಾಯಿ ಇಪ್ಪತ್ತು ಮಾರಿನಲ್ಲಿ ಬರೀ ನೋಡುತ್ತದೆ. ಆ ಬರೀ ನೋಡುವ ಕ್ಷಣದಲ್ಲಿ ಬೇಯಿಸಿದ ತತ್ತಿಯ ಚೂರು ಕೊಡಬೇಕು, ತಿರುಗಿ ಬೇರೆ ದಾರಿ ಹಿಡಿಯಬೇಕು. ಸಿಡಿದ ಮೇಲೆ ಕಲಿಸಲಾಗದು, ಗೇಟಿನ ಮುಂದೆ ಹಾರ್ನು ಬಾರಿಸುವವನಿಗೆ ವ್ಯಾಕರಣ ಹೇಳಿದ ಹಾಗೆ. ಹಗ್ಗ ಕಚ್ಚಿ ಹಿಡಿದರೆ ಜಗ್ಗಬಾರದು. ಜಗ್ಗಿದರೆ ಅದು ಹಗ್ಗಜಗ್ಗಾಟ. ಮರದಂತೆ ನಿಲ್ಲಬೇಕು, ಕೂಗಬಾರದು, ಒಣರೊಟ್ಟಿಯ ಚೂರುಗಳನ್ನು ಹುಲ್ಲಿನ ಮೇಲೆ ಚೆಲ್ಲಬೇಕು. ಮೂಸಿ ಹುಡುಕುವ ಮೂಗಿಗೆ ಕಚ್ಚಲು ಪುರುಸೊತ್ತಿರುವುದಿಲ್ಲ. ಒಂದು ದಿನ ಕೆಟ್ಟ ಘಟನೆಯಾದರೆ ಮರುದಿನ ಮನೆಯಲ್ಲೇ ಉಳಿಯಬೇಕು. ಉದ್ರೇಕ ಇಳಿಯಲು ಹೊತ್ತು ಬೇಕು, ನಿದ್ದೆ ಬೇಕು. ಇದರಲ್ಲಿ ಮಾಯಾಮಂತ್ರವೇನೂ ಇಲ್ಲ, ಬೇಸರ ತರಿಸುವಷ್ಟು ತಾಳ್ಮೆಯ ಕೆಲಸ. ನಾಲ್ಕು ಕೊಡುವುದು ಎಷ್ಟು ಸುಲಭವಿತ್ತು!

ದಾರಿ ನೇರವಾಗಿರಲಿಲ್ಲ. 2025ರ ಆಗಸ್ಟಿನಲ್ಲಿ ದಿಲ್ಲಿಯ ಬೀದಿನಾಯಿಗಳ ವಿಷಯ ಪತ್ರಿಕೆಗಳ ತುಂಬ ಇತ್ತು. 11ರಂದು ಎಲ್ಲವನ್ನೂ ಹಿಡಿದು ಕೂಡಿಹಾಕಿ ಎಂದ ಸುಪ್ರೀಂ ಕೋರ್ಟು, 22ರಂದು ಅದನ್ನು ಮಾರ್ಪಡಿಸಿ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಇದ್ದಲ್ಲಿಗೇ ಬಿಡಿ, ರೇಬಿಸ್ ತಗುಲಿದವನ್ನು, ಆಕ್ರಮಣಕಾರಿ ನಾಯಿಗಳನ್ನು ಬಿಡಬೇಡಿ ಎಂದಿತು. ಆ ವಾರವೇ ಕೆಂಚ ಮೊಮ್ಮಗಳ ಎದುರು ಮತ್ತೆ ನನ್ನ ತೋಳು ಹಿಡಿದ. ರಾತ್ರಿ ನನ್ನವಳು ಮೆಲ್ಲಗೆ ಕೇಳಿದಳು: "ನೋಡ್ರಿ, ಸಿಟ್ಟಾಗಬ್ಯಾಡ್ರಿ. ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟು ಬಂದ್ರ ಹೆಂಗ?"

ನನಗೆ ಸಿಟ್ಟು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಅವಳ ಹೆದರಿಕೆ ನ್ಯಾಯವಾಗಿತ್ತು. ಆದರೆ ಬೀದಿಯಲ್ಲಿದ್ದಾಗ ಕೆಂಚ ಯಾರನ್ನೂ ಕಚ್ಚಿದವನಲ್ಲ. ಹಗ್ಗ ಕಟ್ಟಿದವನು ನಾನು, ಗಾಯಕ್ಕೆ ಛತ್ರಿ ಸೇರಿಸಿದವನು ನಾನು. ಈಗ 'ಆಕ್ರಮಣಕಾರಿ' ಎಂಬ ಹಣೆಪಟ್ಟಿ ಹಚ್ಚಿ ಬೀದಿಗೆ ಬಿಟ್ಟರೆ, ಅಲ್ಲಿ ಅವನನ್ನು ಕಾಯುವವರ ಕೈಯಲ್ಲಿ ತತ್ತಿ ಇರುವುದಿಲ್ಲ. ಬೆಳಿಗ್ಗೆ ಹೇಳಿದೆ: "ಆರು ತಿಂಗಳು ಕೊಡು. ಪೋರಿ ಇದ್ದಾಗ ಜಾಳಿಗಿ ಹಾಕತೀನಿ, ಹಗ್ಗ ನಾನ ಹಿಡೀತೀನಿ." ಅವಳು ಒಪ್ಪಿದಳು. ಮೂರನೆಯ ತಿಂಗಳು ತತ್ತಿ ಬೇಯಿಸುವ ಕೆಲಸವನ್ನೂ ತಾನೇ ವಹಿಸಿಕೊಂಡಳು.

ಕೆಂಚ ಸಂತನಾಗಿಲ್ಲ. ತಿಂಗಳಿಗೊಮ್ಮೆಯಾದರೂ ಹಗ್ಗ ಹಿಡಿಯುತ್ತಾನೆ, ಹಿಡಿದು ತಾನೇ ಬಿಡುತ್ತಾನೆ. ಗುರ್ರೆನ್ನುವುದು ಮರಳಿ ಬಂದಿದೆ. ಅದು ಕೇಳಿದಾಗಲೆಲ್ಲ ನನಗೆ ಸಮಾಧಾನ. ಈಚೆಗೆ ಧೈರ್ಯ ಮಾಡಿ ಮತ್ತೆ ಕೆರೆಯ ದಂಡೆಗೆ ಕರೆದೊಯ್ದೆ. ದೂರದಲ್ಲಿ ಒಂದು ಬಿಳಿ ನಾಯಿ ಹಾದುಹೋಯಿತು. ಕೆಂಚ ನೋಡಿದ, ಮೈ ಬಿಗಿ ಮಾಡಿದ, ಆಮೇಲೆ ತಿರುಗಿ ನನ್ನ ಮುಖ ನೋಡಿದ.

ನಿವೃತ್ತರ ಗುಂಪಿನ ಆ ಹಳೆಯ ದನಿ ಖುಷಿಯಿಂದ ಹೇಳಿತು: "ಅಂತೂ ನೆಟ್ಟಗಾತಲ್ರಿ ಸರ! ನಾಲ್ಕು ಕೊಟ್ರಿ ಅಂತ ಕಾಣತೈತಿ."

"ನಾಲ್ಕಲ್ರೀ," ಎಂದೆ, ಕಿಸೆಯೊಳಗೆ ಕೈ ಹಾಕುತ್ತ, "ನಾಲ್ಕು ಸಾವಿರ ಕೊಟ್ಟೀನಿ. ದಿನಾ ಕೊಡತೀನಿ. ಭಾಳ ಅಲ್ಲ, ಒಂದೊಂದ ಚೂರು."