ಪಾಲುದಾರನೆಂದು ಕರೆದು ಕೂಲಿ ನುಂಗುವವರು

‘ಅವನು ನಮ್ಮ ನೌಕರನಲ್ಲ, ಪಾಲುದಾರ.’ ಸಲೂನು ನಡೆಸುವ ನಮ್ಮದೇ ಭಕ್ತರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪಾಲುದಾರನೆಂದರೆ ಅಂಗಡಿಯ ಲೆಕ್ಕದ ಪುಸ್ತಕ ತೆರೆದು ನೋಡುವ ಹಕ್ಕುಳ್ಳವನು. 100 ರೂಪಾಯಿ ದುಡಿದವನ ಕೈಗೆ 40 ಇಟ್ಟು, ಬಾಕಿ ಎಲ್ಲಿ ಹೋಯಿತೆಂದು ಕೇಳಿದರೆ ‘ನಾಳೆಯಿಂದ ಬರಬೇಡ’ ಎನ್ನುವ ಪಾಲುದಾರಿಕೆ ಯಾವ ಶಾಸ್ತ್ರದಲ್ಲಿದೆ?

ನಾನು ಹಡಪದ ಮನೆತನದವನು. ಹಡಪದ ಅಪ್ಪಣ್ಣನವರನ್ನು ಕುಲಗುರುವೆಂದು ನಂಬಿದ ನಮ್ಮಲ್ಲಿ ಕ್ಷೌರ ಕಾಯಕ ತಲೆತಲಾಂತರದಿಂದ ಬಂದದ್ದು. ಅಜ್ಜನ ಕಾಲಕ್ಕೆ ಊರವರು ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ರಾಶಿ ಚೆನ್ನಾಗಿದ್ದರೆ ಮೊರದ ತುಂಬ, ಇಲ್ಲದಿದ್ದರೆ ಬೊಗಸೆ. ಆ ಪದ್ಧತಿಯನ್ನು ನಾನು ಹೊಗಳಲಾರೆ. ಅದರಲ್ಲಿ ಅಡಿಯಾಳುತನವೇ ಹೆಚ್ಚಿತ್ತು. ಅದನ್ನು ಬಿಟ್ಟು ಬೆಂಗಳೂರಿಗೆ ಬಂದು ಗಾಜಿನ ಬಾಗಿಲ ಸಲೂನೊಂದರಲ್ಲಿ 7 ವರ್ಷ ಕತ್ತರಿ ಹಿಡಿದೆ. ಅಲ್ಲಿಯೂ ಇದ್ದದ್ದು ಆಯವೇ. ಹೆಸರು ಮಾತ್ರ ಕಮಿಷನ್.

ಬೆಳಿಗ್ಗೆ 9ಕ್ಕೆ ಹಾಜರಿ, ರಾತ್ರಿ 9ಕ್ಕೆ ಬಾಗಿಲು. ಭಾನುವಾರ ಉಸಿರಾಡಲು ಬಿಡುವಿಲ್ಲ, ಬುಧವಾರ ಮೂರು ತಲೆ ಸಿಕ್ಕರೆ ಪುಣ್ಯ. ಗಿರಾಕಿಯಿಲ್ಲದ ಹೊತ್ತಿಗೆ ಕಾಸಿಲ್ಲ. ಹಾಗೆಂದು ಹೊರಗೆ ಹೋಗುವಂತೆಯೂ ಇಲ್ಲ. ಕೂದಲು ಗುಡಿಸಬೇಕು, ಟವೆಲ್ ಒಗೆಯಬೇಕು, ಕನ್ನಡಿ ಒರೆಸಬೇಕು. ಹಬ್ಬಕ್ಕೆ ಮಾಲೀಕರು ಅರ್ಧ ದರ ಸಾರಿದರೆ ನನ್ನ ಪಾಲೂ ಅರ್ಧ. ಧಾರಾಳತನ ಅವರದು, ನಷ್ಟ ನಮ್ಮದು! ಬಣ್ಣದ ಡಬ್ಬಿಯ ಬೆಲೆ ಕಳೆದ ಮೇಲೆ ಕಮಿಷನ್ನು. ತಡವಾಗಿ ಬಂದರೆ ದಂಡ. ಗಿರಾಕಿ ಮೆಚ್ಚಿ ಫೋನಿನಲ್ಲಿ ಹಾಕಿದ ಟಿಪ್ಸು ಅಂಗಡಿಯ ಖಾತೆಗೆ ಹೋಗಿ ಅಲ್ಲಿಯೇ ಲಿಂಗೈಕ್ಯ. ಇಷ್ಟಾಗಿ ಗಲ್ಲಾಪೆಟ್ಟಿಗೆಯ ಮೇಲೆ ಬಸವಣ್ಣನವರ ಭಾವಚಿತ್ರ, ಅದಕ್ಕೆ ದಿನವೂ ಹೂವು.

ಕಾಯಕದ ಮಹಿಮೆಯನ್ನು ಕೆಲಸಗಾರನಿಗೆ ಬೋಧಿಸುವವರು ಕಾಯಕದ ಪ್ರತಿಫಲ ಯಾರಿಗೆ ಸೇರಬೇಕೆಂಬುದನ್ನು ಮೊದಲು ತಾವು ಕಲಿಯಲಿ. ಶರಣರಿಂದ ಕಲಿಯಲು ಆಗದಿದ್ದರೆ ಕಾನೂನಿನಿಂದಲಾದರೂ ಕಲಿಯಲಿ.

1973ರಲ್ಲಿಯೇ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಶ್ನೆ ಬಂದಿತ್ತು, ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ. ಹೊಲಿದಷ್ಟಕ್ಕೆ ಕೂಲಿ ಪಡೆಯುವ ದರ್ಜಿಗಳು ನೌಕರರೋ ಅಲ್ಲವೋ? ಹೊಲಿಗೆ ಯಂತ್ರ ಅಂಗಡಿಯದು. ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸುವ, ಮತ್ತೆ ಹೊಲಿಸುವ ಅಧಿಕಾರ ಮಾಲೀಕನದು. ಹಾಗಾಗಿ ಅವರು ನೌಕರರೇ ಎಂದು ನ್ಯಾಯಾಲಯ ತೀರ್ಪಿತ್ತಿತು. ದರ್ಜಿಯ ಜಾಗದಲ್ಲಿ ಕ್ಷೌರಿಕನನ್ನು, ಯಂತ್ರದ ಜಾಗದಲ್ಲಿ ಕುರ್ಚಿಯನ್ನು ಇಟ್ಟು ನೋಡಿರಿ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಅದೇ ನ್ಯಾಯಾಲಯ 1982ರಲ್ಲಿ, ಏಷ್ಯಾಡ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು.

ಈಗ 2019ರ ವೇತನ ಸಂಹಿತೆ ಜಾರಿಯಲ್ಲಿದೆ, 2025ರ ನವೆಂಬರ್ 21ರಿಂದ. ಹಳೆಯ ಕನಿಷ್ಠ ವೇತನ ಕಾಯ್ದೆ ಪಟ್ಟಿಗೆ ಸೇರಿದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಈಗ ಪಟ್ಟಿಯ ಹಂಗಿಲ್ಲ. ಇದರಲ್ಲಿ ಮಾಲೀಕರು ಓದದೆ ಬಿಡುವ ಒಂದು ಮಾತಿದೆ. ‘ವೇತನ’ದ ವ್ಯಾಖ್ಯೆಯಿಂದ ಕಮಿಷನ್ನನ್ನು ಹೊರಗಿಟ್ಟಿದ್ದಾರೆ. ಹೀಗೆ ಹೊರಗಿಟ್ಟ ಬಾಬತ್ತುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಮಾತ್ರ ವೇತನಕ್ಕೆ ಸೇರುತ್ತದೆ. ಅಂದರೆ ಬರೀ ಕಮಿಷನ್ನಿನಲ್ಲಿ 20,000 ಪಡೆದವನ ವೇತನ ಲೆಕ್ಕಕ್ಕೆ 10,000 ಅಷ್ಟೇ. ‘ಕಮಿಷನ್ನಿನಲ್ಲಿಯೇ ಕನಿಷ್ಠ ವೇತನ ಮುಟ್ಟಿಸಿದ್ದೇನೆ’ ಎನ್ನುವವರು ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಲಿ.

ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕು, ಚೀಟಿಯ ಸಮೇತ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನಗಳಲ್ಲಿ ಬಾಕಿ ತೀರಿಸಬೇಕು. ನಮ್ಮವರು ಆರು ತಿಂಗಳು ಅಲೆಸುತ್ತಾರೆ. ದಂಡ ಹಾಕುವ ಮುನ್ನ ಕೆಲಸಗಾರನ ಅಹವಾಲು ಕೇಳಬೇಕು, ಹಾಕಿದರೂ ವೇತನದ ಶೇ. 3 ಮೀರಬಾರದು. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ದುಪ್ಪಟ್ಟು ದರವೆಂದು ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯೇ ಹೇಳಿದೆ. ಕೈಯಲ್ಲಿ ದಾಖಲೆಯಿಲ್ಲವೆಂದು ಹುಡುಗರು ಹೆದರುತ್ತಾರೆ. ಸಂಬಳ ಬಾಕಿಯ ದೂರು ಬಂದಾಗ ‘ಕೊಟ್ಟಿದ್ದೇನೆ’ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದೇ. ದೂರು ಕೊಡಲು 3 ವರ್ಷಗಳ ಅವಕಾಶವೂ ಇದೆ.

ಚುರುಕಿನವನಿಗೆ ಕಮಿಷನ್ನೇ ಲಾಭವಲ್ಲವೇ ಎನ್ನುವಿರಾ? ಹೌದು, ಕೊಡಿರಿ. ಅದನ್ನು ತೆಗೆಯಿರೆಂದು ಯಾರೂ ಕೇಳುತ್ತಿಲ್ಲ. ಅದರ ಕೆಳಗೆ ಬುಧವಾರದ ಹಸಿವಿಗೂ ಸಾಲುವ ಒಂದು ನೆಲಗಟ್ಟು ಹಾಕಿರೆಂದು ಕೇಳುತ್ತಿದ್ದೇವೆ. ಎರಡು ಕುರ್ಚಿ ಹಾಕಿಕೊಂಡು ತಾನೂ ನಿಂತು ದುಡಿಯುವ ಬಡ ಮಾಲೀಕನ ಕಷ್ಟ ನನಗೆ ಗೊತ್ತು. ನನ್ನ ಜಗಳ ಅವನೊಂದಿಗಲ್ಲ. ಮೂರನೆಯ ಶಾಖೆ ತೆರೆದು ರಿಬ್ಬನ್ ಕತ್ತರಿಸಲು ಸ್ವಾಮಿಗಳನ್ನು ಕರೆಯುವವರೊಂದಿಗೆ.

ಪೂಜ್ಯರಲ್ಲಿಯೂ ಒಂದು ಬಿನ್ನಹ. ಅನೇಕ ಮಠಗಳಿಗೆ ಪೇಟೆಯಲ್ಲಿ ವಾಣಿಜ್ಯ ಮಳಿಗೆಗಳಿವೆ, ಅವುಗಳಲ್ಲಿ ಸಲೂನುಗಳೂ ಇವೆ. ಮದ್ಯ ಮಾರಬಾರದೆಂದು ಬಾಡಿಗೆ ಕರಾರಿನಲ್ಲಿ ಬರೆಸುವ ತಾವು ಅದರ ಕೆಳಗೆ ಇನ್ನೊಂದು ಸಾಲು ಬರೆಸಿರಿ: ಇಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಕನಿಷ್ಠ ವೇತನ, ಸಂಬಳ ಚೀಟಿ, ವಾರದ ರಜೆ. ಬರೆಸಿದ ಮೇಲೆ ವರ್ಷಕ್ಕೊಮ್ಮೆ ಆ ಚೀಟಿಗಳನ್ನು ತರಿಸಿಕೊಂಡು ನೋಡಿರಿ.