ಮೊಡವೆಗೆ ಸೊಪ್ಪಿನ ಲೇಪ: ಎಷ್ಟು ನಂಬಬಹುದು?

ಹರೆಯದ ಮಕ್ಕಳ ಮುಖದಲ್ಲಿ ಏಳುವ ಮೊಡವೆಯನ್ನು ಆಯುರ್ವೇದವು ಮುಖದೂಷಿಕೆ, ಯೌವನಪಿಡಕೆ ಎಂಬ ಹೆಸರುಗಳಿಂದ ಗುರುತಿಸಿದೆ. ಸುಶ್ರುತ ಸಂಹಿತೆಯು ಅದನ್ನು ಬೂರುಗದ ಮುಳ್ಳಿಗೆ ಹೋಲಿಸುತ್ತದೆ. ಎಳೆಯ ಬೂರುಗದ ಕಾಂಡವನ್ನು ಕಂಡವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಲೋಧ್ರ, ಬಜೆ, ಕೊತ್ತಂಬರಿ ಬೀಜಗಳ ಲೇಪವನ್ನು ಹಿಂದಿನ ವೈದ್ಯರು ಹೇಳಿದ್ದಾರೆ. ಮೂಡಿಗೆರೆ ಸೀಮೆಯ ಮನೆಗಳಲ್ಲಿ ಅರಿಶಿನ, ತುಳಸಿ, ಲೋಳೆಸರಗಳು ಇಂದಿಗೂ ಬಳಕೆಯಲ್ಲಿವೆ. ಕಡೂರಿನ ಬಯಲಿನಷ್ಟು ಚೆನ್ನಾಗಿ ನಮ್ಮ ಮಳೆಯಲ್ಲಿ ಬೆಳೆಯದಿದ್ದರೂ ಕಹಿಬೇವಿಗೂ ಇಲ್ಲಿ ಮನ್ನಣೆಯಿದೆ.

ಈ ಪರಂಪರೆಯ ಬಗ್ಗೆ ನನಗೆ ಗೌರವವಿದೆ. ಆದರೆ “ಗಿಡಮೂಲಿಕೆಯಲ್ಲವೇ, ಹಾನಿಯೇನೂ ಇಲ್ಲ” ಎಂಬ ಮಾತನ್ನು ಒಪ್ಪಲಾರೆ. ಮಲೆನಾಡಿನವರಾದ ನಾವಂತೂ ಅದನ್ನು ಆಡಲೇಬಾರದು. ಚೇರಿನ ಸೊನೆ ತಾಗಿ ಮೈಯೆಲ್ಲ ಬೊಬ್ಬೆ ಎದ್ದವರ ಪಾಡು ನಮಗೆ ಗೊತ್ತಿಲ್ಲವೇ? ಚೇರೂ ನಿಸರ್ಗದ್ದೇ.

ಮೊಡವೆಯು ಹೊರಗಿನ ಕೊಳೆಯಿಂದ ಹುಟ್ಟುವ ರೋಗವಲ್ಲ. ಹರೆಯದಲ್ಲಿ ಚರ್ಮದ ಜಿಡ್ಡಿನ ಗ್ರಂಥಿಗಳು ಹೆಚ್ಚು ಸ್ರವಿಸುತ್ತವೆ. ಸತ್ತ ಜೀವಕೋಶಗಳು ಸೇರಿ ರೋಮಕೂಪದ ಬಾಯಿ ಮುಚ್ಚುತ್ತದೆ. ಎಲ್ಲರ ಚರ್ಮದಲ್ಲಿಯೂ ಸಹಜವಾಗಿ ವಾಸಿಸುವ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಸೂಕ್ಷ್ಮಾಣು ಅಲ್ಲಿ ವೃದ್ಧಿಸಿ ಉರಿಯೂತಕ್ಕೆ ಕಾರಣವಾಗುತ್ತದೆ. ಈ ಸೂಕ್ಷ್ಮಾಣುವು ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್‌ಗಳಂಥ ಪ್ರತಿಜೀವಕಗಳಿಗೆ ಅನೇಕ ದೇಶಗಳಲ್ಲಿ ನಿರೋಧ ಬೆಳೆಸಿಕೊಂಡಿರುವುದರಿಂದಲೇ ವಿಜ್ಞಾನಿಗಳು ಸಸ್ಯಸಾರಗಳ ಕಡೆಗೆ ಮತ್ತೆ ಮುಖಮಾಡಿದ್ದಾರೆ.

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಹಲವು ಸಸ್ಯಸಾರಗಳು ಈ ಸೂಕ್ಷ್ಮಾಣುವನ್ನು ತಡೆದಿವೆ. ಆದರೆ ಅಲ್ಲಿ ಬಳಸಿದ್ದು ಹೆಚ್ಚಾಗಿ ಮದ್ಯಸಾರದಲ್ಲಿ ಇಳಿಸಿ ಗಟ್ಟಿಗೊಳಿಸಿದ ಸಾರ. ನಾವು ಹಚ್ಚುವುದು ಒರಳಲ್ಲಿ ಅರೆದ ಸೊಪ್ಪು. ಅದರಲ್ಲಿ ಔಷಧಾಂಶ ಎಷ್ಟಿದೆ? ಮಳೆಗಾಲದ ಎಲೆಯಲ್ಲಿಯೂ ಬೇಸಗೆಯ ಎಲೆಯಲ್ಲಿಯೂ ಅದು ಒಂದೇ ಪ್ರಮಾಣದಲ್ಲಿರುವುದಿಲ್ಲ. ಜಿಡ್ಡು ತುಂಬಿ ಬಾಯಿ ಮುಚ್ಚಿದ ರೋಮಕೂಪದೊಳಗೆ ಅದು ಇಳಿಯುವುದೂ ಸುಲಭವಲ್ಲ.

ಅಳೆದು ನೋಡಿದ ಒಂದು ಉದಾಹರಣೆಯುಂಟು. ಆಸ್ಟ್ರೇಲಿಯದ ಟೀ ಟ್ರೀ ನಮ್ಮ ಚಹಾಗಿಡವಲ್ಲ. ನೇರಳೆ, ನೀಲಗಿರಿಗಳ ಕುಟುಂಬಕ್ಕೆ ಸೇರಿದ್ದು. ಅಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 124 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇ. 5ರ ಟೀ ಟ್ರೀ ಎಣ್ಣೆಯ ಲೇಪವನ್ನೂ ಇನ್ನೊಂದಕ್ಕೆ ಶೇ. 5ರ ಬೆಂಜಾಯ್ಲ್ ಪೆರಾಕ್ಸೈಡನ್ನೂ ಕೊಟ್ಟರು. ಎರಡರಿಂದಲೂ ಮೊಡವೆ ತಗ್ಗಿತು. ಎಣ್ಣೆಯ ಗುಣ ನಿಧಾನವಾಗಿ ಕಂಡಿತು, ಉಪದ್ರವ ಕಡಿಮೆಯಿತ್ತು. ಅದೇ ಎಣ್ಣೆಯನ್ನು ತೆಳುಗೊಳಿಸದೆ ಹಚ್ಚಿದರೆ ಚರ್ಮ ಕೆರಳಬಹುದು.

ಗಾಯ ಮಾಯಿಸುವ ಅರಿಶಿನದ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳ ಆಧಾರ ಒದಗಿಸಿ 1997ರಲ್ಲಿ ಅದನ್ನು ರದ್ದುಪಡಿಸಿತು. ಹೆಮ್ಮೆಯ ಸಂಗತಿಯೇ ಸರಿ. ಆದರೆ ಅಂದು ಸಿದ್ಧವಾದುದು ಈ ಬಳಕೆ ನಮ್ಮಲ್ಲಿ ಹಿಂದಿನಿಂದಲೂ ಇತ್ತೆಂಬುದು. ಮೊಡವೆಗೆ ಎಷ್ಟು ಅರಿಶಿನ, ಯಾರಿಗೆ, ಎಷ್ಟು ದಿನ ಎಂಬುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ರೋಗಚಿಕಿತ್ಸೆಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನಂಥ ಶರಣರಿದ್ದ ಪರಂಪರೆ ನಮ್ಮದು. ಪರೀಕ್ಷಿಸುವುದರಿಂದ ಅದಕ್ಕೆ ಕುಂದಿಲ್ಲ.

ಸೊಪ್ಪಿನ ಲೇಪವನ್ನು ಹಚ್ಚಲೇಬೇಕೆಂದಿದ್ದರೆ ಮೊದಲು ಮೊಳಕೈಯ ಒಳಬದಿಗೆ ಹಚ್ಚಿ ಎರಡು ದಿನ ನೋಡಿರಿ. ನಿಂಬೆರಸ, ಬೆಳ್ಳುಳ್ಳಿಗಳನ್ನು ಮುಖದ ಹತ್ತಿರ ತರಲೇಬೇಡಿರಿ. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಯಾಗುತ್ತದೆ. ತಲೆಗೆ ಸುರಿದ ಕೊಬ್ಬರಿ ಎಣ್ಣೆ ಹಣೆಗಿಳಿದು ಅಲ್ಲಿಯೇ ಮೊಡವೆ ಏಳಿಸುವುದನ್ನು ತಾಯಂದಿರು ಗಮನಿಸಬೇಕು. ಚಿವುಟುವುದಂತೂ ಸಲ್ಲದು.

ನನಗೆ ನಿಜವಾಗಿ ಚಿಂತೆ ತರುವುದು ತಡ. “ವಯಸ್ಸಿನ ಗುಣ, ತಾನೇ ಹೋಗುತ್ತದೆ” ಎಂದು ಲೇಪ ಬದಲಿಸುತ್ತ ವರ್ಷ ಕಳೆಯುವಷ್ಟರಲ್ಲಿ ಆಳವಾದ ಗಂಟುಮೊಡವೆ ಮಾಯದ ಕುಳಿಗಳನ್ನು ಉಳಿಸಿಬಿಡುತ್ತದೆ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಮುಖವನ್ನೇ ತೂಗುವ ಸಮಾಜ ನಮ್ಮದು. ಆ ಕುಳಿಗಳ ನೋವನ್ನು ಅವಳೊಬ್ಬಳೇ ಹೊರಬೇಕಾಗುತ್ತದೆ. ಸೊಪ್ಪಿನಿಂದ ಗುಣ ಕಾಣದೆ ಬೇಸತ್ತವರು ಅಂಗಡಿಯಿಂದ ಯಾವುದೋ ಟ್ಯೂಬ್ ತಂದು ಹಚ್ಚುವುದು ಇನ್ನೂ ಕೇಡು. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದು ಬರೆದಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ತಿಳಿಯಾದಂತೆ ಕಂಡರೂ ಮುಂದೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿಯೇ ಆದೇಶಿಸಿದೆ.

ನೋವಿನ ಗಂಟುಗಳಿದ್ದರೆ, ಕುಳಿ ಬೀಳತೊಡಗಿದ್ದರೆ, ಹುಡುಗಿಯರಲ್ಲಿ ಮೊಡವೆಯ ಜೊತೆಗೆ ಮುಟ್ಟಿನ ಏರುಪೇರೂ ಮುಖದ ಮೇಲೆ ರೋಮವೂ ಕಂಡರೆ ಮನೆಮದ್ದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದವರು ಅದನ್ನು ಬಿಡುವ ಕ್ರಮವನ್ನೂ ವೈದ್ಯರಿಂದಲೇ ಕೇಳಿ ತಿಳಿಯಬೇಕು. ಹೋಗುವಾಗ ಆ ಟ್ಯೂಬನ್ನು ಜೊತೆಗೆ ಒಯ್ಯಿರಿ. ಯಾವ ಸೊಪ್ಪನ್ನು ಎಷ್ಟು ದಿನ ಹಚ್ಚಿದಿರೆಂಬುದನ್ನೂ ಮುಚ್ಚಿಡದೆ ಹೇಳಿರಿ.